ಗಂಡನ ಮನೆಯ ಅಲರ್ಜಿ

ನನ್ನ ಬಲಗೈಯ ಹೆಬ್ಬೆರಳು ಬುಡದಿಂದ ಅಲುಗುವುದಿಲ್ಲ. ಸದಾ ಹೊರಕ್ಕೆ ಚಾಚಿಕೊಂಡೇ ಇರುತ್ತದೆ. ಹೊಸಬರು ಮೊದಲು ಕೈ ನೋಡುತ್ತಾರೆ, ಆಮೇಲೆ ಮುಖ ನೋಡುತ್ತಾರೆ, ಆಮೇಲೆ ಏನಾಯಿತು ಎಂದು ಕೇಳುತ್ತಾರೆ. ಬಸ್ಸಿಳಿಯುವಾಗ ಬಿದ್ದೆ ಎನ್ನುತ್ತೇನೆ. ಅದು ಸುಳ್ಳಲ್ಲ. ಎರ್ನಾಕುಲಂನ ಖಾಸಗಿ ಬಸ್ಸುಗಳಿಗೆ ಹೆಂಗಸಿನ ಒಂದು ಕಾಲು ನೆಲಕ್ಕೆ ತಾಗಿದರೆ ಸಾಕು, ಇನ್ನೊಂದು ಕಾಲು ಅವರ ಲೆಕ್ಕಕ್ಕಿಲ್ಲ. ಆದರೆ ಬಸ್ಸಿನಿಂದ ಬಿದ್ದವರ ಬೆರಳೆಲ್ಲ ಹೀಗಾಗುವುದಿಲ್ಲ. ಪೂರ್ತಿ ಕತೆ ಹೇಳಲು ಹೊರಟರೆ ಕೇಳುವವರ ಮುಖದಲ್ಲಿ ಒಂದು ನಗೆ ಬರುತ್ತದೆ. ಆ ನಗೆ ನನಗೆ ಆಗದು. ಅದಕ್ಕೇ ಬಸ್ಸಿನಲ್ಲೇ ನಿಲ್ಲಿಸುತ್ತೇನೆ.

ನಾನು ಸ್ಟೆನೋ ಆಗಿದ್ದೆ. ನ್ಯಾಯಾಧೀಶರ ಪಕ್ಕದಲ್ಲಿ ಕೂತು ಅವರು ಹೇಳಿದ್ದನ್ನು ಶಾರ್ಟ್‌ಹ್ಯಾಂಡಿನಲ್ಲಿ ಬರೆದುಕೊಂಡು ಆಮೇಲೆ ಟೈಪ್ ಮಾಡುವ ಕೆಲಸ. ಕಾಸರಗೋಡಿನ ಬಸ್‌ಸ್ಟ್ಯಾಂಡಿನ ಹತ್ತಿರ, ಕೆಳಗೆ ಚಪ್ಪಲಿ ಅಂಗಡಿ, ಮೇಲೆ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇದ್ದ ಕಟ್ಟಡದಲ್ಲಿ ಕಲಿತದ್ದು. ಎರ್ನಾಕುಲಂಗೆ ಬಂದ ಹೊಸತರಲ್ಲಿ ನನ್ನ ಮಲಯಾಳ ಕೇಳಿ ಕಚೇರಿಯವರು ನಗುತ್ತಿದ್ದರು. ನಾನು ಬಾಯಿ ಬಿಟ್ಟರೆ ಸಾಕು, ಪಕ್ಕದ ಮೇಜಿನವರು ಕೆಲಸ ಬಿಟ್ಟು ಕೇಳುತ್ತಿದ್ದರು. ಆದರೆ ಡಿಕ್ಟೇಶನ್ ಶುರುವಾದರೆ ಯಾರೂ ನಗುತ್ತಿರಲಿಲ್ಲ. ಶಾರ್ಟ್‌ಹ್ಯಾಂಡಿನಲ್ಲಿ ಗೀಟು ತೆಳುವಾದರೆ ಒಂದು ಅಕ್ಷರ, ಅದೇ ಗೀಟು ದಪ್ಪವಾದರೆ ಇನ್ನೊಂದು. ಪೆನ್ಸಿಲನ್ನು ಒತ್ತಬೇಕು, ತಕ್ಷಣ ಸಡಿಲ ಬಿಡಬೇಕು, ಮತ್ತೆ ಒತ್ತಬೇಕು. ಅದೆಲ್ಲ ಹೆಬ್ಬೆರಳಿನ ಕೆಲಸ. ನಾನು ರಜೆಯಲ್ಲಿದ್ದಾಗಲೂ ನನ್ನ ಬರಹವನ್ನು ಬೇರೆ ಸ್ಟೆನೋಗಳು ಓದಿ ಟೈಪ್ ಮಾಡಬಹುದಿತ್ತು, ಅಷ್ಟು ಚೊಕ್ಕ. ನನಗೆ ಅದರ ಜಂಬ ಇತ್ತು. ಇಲ್ಲ ಎಂದು ಯಾಕೆ ಹೇಳಲಿ?

ನನ್ನ ಗಂಡನಿಗೆ ತಿರುವನಂತಪುರದಲ್ಲಿ ಸರಕಾರಿ ನೌಕರಿ. ಶನಿವಾರ ರೈಲಿನಲ್ಲಿ ಬಂದು ಸೋಮವಾರ ಬೆಳಿಗ್ಗೆ ಹೋಗುವವರು. ಮಗಳನ್ನು ನೋಡಿಕೊಳ್ಳಲೆಂದು ಅತ್ತೆ ಊರು ಬಿಟ್ಟು ನಮ್ಮ ಬಾಡಿಗೆ ಮನೆಗೆ ಬಂದಿದ್ದರು. ಮಗಳು ಅಜ್ಜಿಯ ಕನ್ನಡ ಕೇಳಿ ಮಲಯಾಳದಲ್ಲಿ ಉತ್ತರ ಕೊಡುತ್ತಿದ್ದಳು. ಅಜ್ಜಿ ಅದಕ್ಕೆ ಕನ್ನಡದಲ್ಲಿ ಬೈಯುತ್ತಿದ್ದರು. ಮನೆ ಹೀಗೆ ಚೆನ್ನಾಗಿಯೇ ನಡೆದಿತ್ತು.

ಅತ್ತೆಯ ಮನೆಗೆ ಕೆಲವು ಸಂಗತಿಗಳು ಆಗಿಬರುವುದಿಲ್ಲ. ನಾನು ಮದುವೆಯಾಗಿ ಹೊಸಿಲು ದಾಟಿದ ಮರುದಿನವೇ ಅಡುಗೆಮನೆಯಲ್ಲಿ ಕೂರಿಸಿ ಹೇಳಿಕೊಟ್ಟಿದ್ದರು. ಹಾಗಲದ ಬಳ್ಳಿ ಹಬ್ಬಿಸಬಾರದು, ಪೇಟೆಯಿಂದ ತಂದು ತಿನ್ನಬಹುದು. ಕಪ್ಪಂಚಿನ ಸೀರೆ ಮನೆಯೊಳಗೆ ತರಬಾರದು. ಮಂಗಳವಾರ ಹೊಸ ಪಾತ್ರೆಗೆ ನೀರು ಹಾಕಬಾರದು. ಮತ್ತೆ, ಪೆನ್ಸಿಲಿನ್ ಚುಚ್ಚಿಸಿಕೊಳ್ಳಬಾರದು. ನಾಲ್ಕನ್ನೂ ಒಂದೇ ಉಸಿರಿನಲ್ಲಿ, ಒಂದೇ ದನಿಯಲ್ಲಿ ಹೇಳಿದ್ದರು. ಮಾವನ ತಂಗಿ, ಇನ್ನೂ ಲಂಗ ಹಾಕುವ ಹುಡುಗಿ, ಜ್ವರಕ್ಕೆಂದು ಡಾಕ್ಟರು ಕೊಟ್ಟ ಆ ಸೂಜಿಯಿಂದ ಮನೆಗೆ ತಲುಪುವ ಮೊದಲೇ ಹೋಗಿಬಿಟ್ಟಿದ್ದಳಂತೆ. ಅಂದಿನಿಂದ ಆ ಮನೆಯ ಯಾರೂ ಅದನ್ನು ಮುಟ್ಟುವುದಿಲ್ಲ. ಸೊಸೆಯಂದಿರೂ ಮುಟ್ಟುವುದಿಲ್ಲ.

ಈಗ ಹೇಳಿದರೆ ಇದರೊಳಗಿನ ತಪ್ಪು ಯಾರಿಗಾದರೂ ಥಟ್ಟನೆ ಹೊಳೆಯುತ್ತದೆ. ನನಗೆ ಹೊಳೆಯಲಿಲ್ಲ. ಮದುವೆಯಾದ ಮೇಲೆ ನನ್ನ ಗೋತ್ರ ಬದಲಾಯಿತು, ಮನೆತನದ ಹೆಸರು ಬದಲಾಯಿತು, ಸೂತಕ ಯಾರದ್ದು ಹಿಡಿಯಬೇಕು ಎಂಬುದು ಬದಲಾಯಿತು. ಅದರ ಜೊತೆಗೆ ಈ ಅಲರ್ಜಿಯೂ ಬಂತು. ಹೆರಿಗೆಯ ಹೊತ್ತಿಗೆ ಅತ್ತೆಯೇ ಆಸ್ಪತ್ರೆಯಲ್ಲಿ ಹೇಳಿದ್ದರು, ಅವರು ಬರೆದುಕೊಂಡಿದ್ದರು. ಮಗಳ ಕಿವಿ ಸೋರಿದಾಗ ಹೇಳಿದೆವು, ಬರೆದುಕೊಂಡರು. ಯಾರೂ ಏನೂ ಕೇಳಲಿಲ್ಲ. ಕೇಳದೆ ಹೋದ ಹಾಗೆಲ್ಲ ಅದು ಇನ್ನೂ ನಿಜವಾಗುತ್ತಾ ಹೋಯಿತು.

ಎರಡು ಸಾವಿರದ ಇಸವಿಯ ಈಚಿನ ಮೊದಲ ವರ್ಷಗಳ ಮಾತಿದು. ಬಸ್ಸಿನಿಂದ ಬಿದ್ದಾಗ ಹೆಬ್ಬೆರಳಿನ ಬುಡದ ಮೂಳೆ ಒಡೆದು ಒಂದು ಚೂರು ಜಾರಿತ್ತು. ಎರ್ನಾಕುಲಂನ ಆಸ್ಪತ್ರೆಯ ಮೂಳೆ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಎರಡು ಪುಟ್ಟ ಸ್ಕ್ರೂ ಹಾಕಿದರೆ ಮೊದಲಿನ ಹಾಗೆಯೇ ಆಗುತ್ತದೆ ಎಂದರು. ಕೈಯನ್ನು ಮಾತ್ರ ಮರಗಟ್ಟಿಸಿದರೆ ಸಾಕು. ಬೆಳಿಗ್ಗೆ ಬಂದರೆ ಸಂಜೆ ಮನೆಗೆ ಹೋಗಬಹುದು.

"ಬರೆಯಲಿಕ್ಕೆ ಆಗುತ್ತದಾ ಡಾಕ್ಟರ್? ನಾನು ಸ್ಟೆನೋ," ಎಂದೆ.

"ಬೇಸಿಗೆ ರಜೆ ಮುಗಿಸಿ ಕೋರ್ಟು ತೆರೆಯುವಾಗ ನೀವು ಸೀಟಿನಲ್ಲಿರುತ್ತೀರಿ," ಎಂದರು. ಅವರು ಒಳ್ಳೆಯ ಡಾಕ್ಟರೇ. ಇವತ್ತಿಗೂ ಹಾಗೆಯೇ ಹೇಳುತ್ತೇನೆ.

ಆಪರೇಶನ್ ದಿನ ಗಂಡ ರಜೆ ಹಾಕಿ ಬಂದಿದ್ದರು. ಅತ್ತೆ ಮಗಳನ್ನು ಶಾಲೆಗೆ ಕಳಿಸಿ ನಮ್ಮೊಡನೆಯೇ ಆಟೋ ಹತ್ತಿದ್ದರು. ಹಸಿರು ಗೌನು ಹಾಕಿಸಿ ನನ್ನನ್ನು ಮಂಚದ ಮೇಲೆ ಮಲಗಿಸಿದ ಮೇಲೆ ಒಬ್ಬ ನರ್ಸು ಬಂದು ಚೇಚೀ, ಅಂದರೆ ಅಕ್ಕಾ, ಎನ್ನುತ್ತಾ ಒಂದೊಂದೇ ಕೇಳಿ ಬರೆಯತೊಡಗಿದಳು. ಸಕ್ಕರೆ ಕಾಯಿಲೆ ಇಲ್ಲ. ಬಿಪಿ ಇಲ್ಲ.

"ಚೇಚೀ, ಯಾವುದಾದರೂ ಮದ್ದಿಗೆ ಅಲರ್ಜಿ ಉಂಟಾ?"

ನಾನು ಬಾಯಿ ತೆರೆಯುವ ಮೊದಲೇ ಕಾಲ ಬುಡದಲ್ಲಿ ನಿಂತಿದ್ದ ಅತ್ತೆ ತಮ್ಮ ಅರ್ಧ ಕನ್ನಡ ಅರ್ಧ ಮಲಯಾಳದಲ್ಲಿ ಉತ್ತರ ಕೊಟ್ಟರು. "ನಮ್ಮ ಮನೆಯಲ್ಲಿ ಯಾರಿಗೂ ಪೆನ್ಸಿಲಿನ್ ಆಗುದಿಲ್ಲ ಸಿಸ್ಟರೇ. ಒಂದು ಜೀವ ಹೋಗಿದೆ."

ನರ್ಸಿನ ಮುಖ ಗಂಭೀರವಾಯಿತು. ಜೀವ ಹೋಗಿದೆ ಎಂದ ಮೇಲೆ ಯಾರ ಜೀವ, ಅವರು ಇವರಿಗೆ ಏನಾಗಬೇಕು ಎಂದು ಯಾವ ನರ್ಸು ಕೇಳುತ್ತಾಳೆ? ಕಿಸೆಯಿಂದ ಕೆಂಪು ಪೆನ್ನು ತೆಗೆದು ಕಾಗದದ ಮೇಲ್ತುದಿಯಲ್ಲಿ ದೊಡ್ಡದಾಗಿ ಬರೆದಳು. ಅತ್ತೆ ನನ್ನ ಪಾದ ಮುಟ್ಟಿ, "ಹೆದರಬೇಡ, ನಾನು ಹೇಳಿದ್ದೇನೆ," ಎಂದರು. ನನಗೂ ಧೈರ್ಯವೇ ಬಂತು.

ಆಪರೇಶನ್ ಕೋಣೆಯಲ್ಲಿ ನನ್ನ ತಲೆಯ ಹತ್ತಿರ ಒಂದು ಸ್ಟೀಲಿನ ತಟ್ಟೆ ಇತ್ತು. ತಟ್ಟೆಯಲ್ಲಿ ಸಿರಿಂಜು, ಹತ್ತಿ, ಬಿಳಿ ಪುಡಿಯಿದ್ದ ಒಂದು ಪುಟ್ಟ ಸೀಸೆ. ಕೈ ಮರಗಟ್ಟಿಸುವ ಡಾಕ್ಟರು ಕುತ್ತಿಗೆಯ ಪಕ್ಕದಲ್ಲಿ ಸೂಜಿ ಹಾಕಿದ ಮೇಲೆ ಸ್ವಲ್ಪ ಹೊತ್ತಿಗೆ ನನ್ನ ಬಲಗೈ ಯಾರದೋ ಕೈಯಾಯಿತು. ಆಮೇಲೆ ಅವರು ಆ ಸೀಸೆಯನ್ನು ಕೈಗೆತ್ತಿಕೊಂಡರು, ಕೆಂಪು ಅಕ್ಷರ ನೋಡಿದರು, ಸೀಸೆಯನ್ನು ಹಿಂದಕ್ಕೆ ಇಟ್ಟರು. "ಇದು ಬೇಡ. ಬೇರೆಯದು ತರಿಸಿ," ಎಂದರು. ಬೇರೆಯದು ಅಲ್ಲಿ ಇರಲಿಲ್ಲ. ಚೀಟಿ ಹೊರಗೆ ಹೋಯಿತು. ನನ್ನ ಗಂಡ ಕೆಳಗಿನ ಔಷಧದಂಗಡಿಯ ಸಾಲಿನಲ್ಲಿ ನಿಂತರು. ಒಳಗೆ ಎಲ್ಲರೂ ಗೋಡೆಯ ಗಡಿಯಾರ ನೋಡಿದರು. ನನ್ನ ಹಿಂದೆ ಇನ್ನೂ ಎಷ್ಟೋ ಜನ ಹಸಿರು ಗೌನು ಹಾಕಿಕೊಂಡು ಕಾದಿದ್ದರು.

ರಕ್ತ ಹರಿಯದ ಹಾಗೆ ನನ್ನ ಬಲತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿ ಬಿಗಿದರು. ಕೈ ಮೇಣದ ಬಣ್ಣಕ್ಕೆ ತಿರುಗಿತು. ಆಮೇಲೆ ಮದ್ದಿನ ಬಾಟಲಿ ಬಂತು. ಎಡಗೈಯ ಸೂಜಿಗೆ ಅದನ್ನು ಸಿಕ್ಕಿಸಿದರು. ಪರದೆಯ ಆಚೆ ಡಾಕ್ಟರು ಕೆಲಸ ಶುರುಮಾಡಿದ್ದು ಅವರ ಭುಜದ ಅಲುಗಾಟದಿಂದ ನನಗೆ ಗೊತ್ತಾಯಿತು. ನಾನು ತೊಟ್ಟಿಕ್ಕುವ ಹನಿಗಳನ್ನು ನೋಡುತ್ತಾ, ಎಷ್ಟು ಜಾಗ್ರತೆಯ ಜನ, ಒಬ್ಬಳಿಗಾಗಿ ಓಡಾಡಿ ಬೇರೆ ಮದ್ದು ತರಿಸಿದರಲ್ಲ ಎಂದುಕೊಂಡೆ. ನಿಜಕ್ಕೂ ಹಾಗೆಯೇ ಅಂದುಕೊಂಡೆ.

ಸಂಜೆ ಮನೆಗೆ ಬಂದೆವು. ಅತ್ತೆ ಅನ್ನ ಕಲಸಿ ತುತ್ತು ಮಾಡಿ ತಿನ್ನಿಸಿದರು. ಮಗಳು ಬ್ಯಾಂಡೇಜಿನ ಮೇಲೆ ಸ್ಕೆಚ್‌ಪೆನ್ನಿನಿಂದ ಹೂವು ಬರೆದಳು.

ಹೂವು ಮಾಸುವ ಮೊದಲೇ ಕೈ ಮಿಡಿಯತೊಡಗಿತು. ಮೊದಲು ನೋವು, ಆಮೇಲೆ ಬಿಸಿ, ಆಮೇಲೆ ಜ್ವರ. ಬ್ಯಾಂಡೇಜು ಬಿಚ್ಚಿದಾಗ ಹೊಲಿಗೆಯ ನಡುವಿನಿಂದ ಹಳದಿ ನೀರು ಇಳಿಯುತ್ತಿತ್ತು. ಡಾಕ್ಟರು ಮಾತ್ರೆ ಬದಲಿಸಿದರು. ಕಡಿಮೆಯಾಯಿತು, ಮತ್ತೆ ಬಂತು. ಇನ್ನೂ ಜೋರಿನ ಮಾತ್ರೆ ಕೊಟ್ಟರು. ಆ ಮಾತ್ರೆಗಳಿಂದ ನನ್ನ ನಾಲಗೆಗೆ ಕಬ್ಬಿಣದ ರುಚಿ ಬಂತು, ಹೊಟ್ಟೆ ನೀರಾಯಿತು, ಕೈ ಮಾತ್ರ ಹಾಗೆಯೇ ಉಳಿಯಿತು. ಗಾಯ ತೆರೆದು ತೊಳೆದರು. ಮತ್ತೆ ಹೊಲಿದರು. ಪ್ರತಿ ಸಲವೂ ಕಾಗದದ ಮೇಲಿನ ಕೆಂಪು ಅಕ್ಷರ ನೋಡಿ ಸುತ್ತುದಾರಿ ಹಿಡಿದರು. ನೇರ ದಾರಿ ಇದೆಯೆಂದು ನನಗೆ ಗೊತ್ತಿರಲಿಲ್ಲ. ಅವರಿಗೆ ಗೊತ್ತಿತ್ತು, ಆದರೆ ಅದು ನನಗೆ ಮುಚ್ಚಿದೆ ಎಂದುಕೊಂಡಿದ್ದರು. ಬೇಸಿಗೆ ರಜೆ ಮುಗಿದು ಕೋರ್ಟು ತೆರೆಯಿತು. ನನ್ನ ಸೀಟಿನಲ್ಲಿ ಬೇರೆ ಯಾರನ್ನೋ ಕೂರಿಸಿದರು.

ಮಳೆಗಾಲ ನಡುವಿಗೆ ಬರುವ ಹೊತ್ತಿಗೆ ಗಂಡ ನನ್ನನ್ನು ತಿರುವನಂತಪುರಕ್ಕೆ ಕರೆದುಕೊಂಡು ಹೋದರು. ಅವರ ಕಚೇರಿಯಲ್ಲಿ ಯಾರೋ ಹೇಳಿದ ದೊಡ್ಡ ಆಸ್ಪತ್ರೆ. ಅಲ್ಲಿ ಇಂಥ ಕೀವುಗಟ್ಟಿದ ಗಾಯಗಳನ್ನೇ ನೋಡುವ ಒಬ್ಬ ಡಾಕ್ಟರು ಇದ್ದರು, ಹೆಂಗಸು, ನನಗಿಂತ ಸ್ವಲ್ಪ ದೊಡ್ಡವರು. ಬಿಗಿಯಾದ ಮಾತು. ಕೀವನ್ನು ಪರೀಕ್ಷೆಗೆ ಕಳಿಸಿದ್ದರು, ಮರಳಿ ಹೋದಾಗ ಕೂರಿಸಿ ಮಾತಾಡಿದರು.

"ಇದು ಎಲ್ಲರ ಚರ್ಮದ ಮೇಲೂ ಇರುವ ಸಾಧಾರಣ ಕ್ರಿಮಿ. ನಿಮಗೆ ಕೊಟ್ಟ ಮದ್ದುಗಳಿಗೆ ಇದು ಬಗ್ಗುವುದಿಲ್ಲ. ಆಪರೇಶನ್ನಿಗೆ ಮೊದಲು ಕೀವಾಗದಂತೆ ಎಲ್ಲರಿಗೂ ಕೊಡುವ ಮದ್ದು ಇದೆಯಲ್ಲ, ಅದಕ್ಕೆ ಬಗ್ಗುತ್ತದೆ. ಅದು ಪೆನ್ಸಿಲಿನ್ನಿನ ದಾಯಾದಿ, ಅದಕ್ಕೇ ನಿಮಗೆ ಕೊಡಲಿಲ್ಲ. ಸರಿ, ಪೆನ್ಸಿಲಿನ್ ತಗೊಂಡಾಗ ನಿಮಗೆ ಏನಾಗಿತ್ತು? ಮೈ ದದ್ದು ಬಂತಾ, ಉಸಿರು ಕಟ್ಟಿತಾ?"

"ನಾನು ತಗೊಂಡೇ ಇಲ್ಲ ಡಾಕ್ಟರ್."

"ತಗೊಳ್ಳದೆ ಆಗುವುದಿಲ್ಲ ಅಂತ ಹೇಗೆ ಗೊತ್ತು?"

"ನಮ್ಮ ಮನೆಯಲ್ಲಿ ಒಬ್ಬರು ಅದರಿಂದ ತೀರಿಹೋಗಿದ್ದಾರೆ."

"ಯಾರು? ನಿಮ್ಮ ತಾಯಿಯಾ, ಅಕ್ಕನಾ?"

"ನನ್ನ ಮಾವನ ತಂಗಿ."

ಅವರು ಬರೆಯುವುದನ್ನು ನಿಲ್ಲಿಸಿದರು. ನನ್ನನ್ನು ನೋಡಿದರು, ಪಕ್ಕದಲ್ಲಿದ್ದ ನನ್ನ ಗಂಡನನ್ನು ನೋಡಿದರು. "ನೀವಿಬ್ಬರೂ ಮದುವೆಗೆ ಮೊದಲೇ ಸಂಬಂಧಿಕರಾ? ಸೋದರಮಾವನ ಮಗ, ಆ ಥರ?"

"ಇಲ್ಲ. ಏನೂ ಸಂಬಂಧ ಇಲ್ಲ," ಎಂದೆ. ಹಾಗೆ ಹೇಳುವಾಗ, ಆ ಮಾತು ನನ್ನ ಬಾಯಿಂದ ಹೊರಬೀಳುವಾಗ, ನನಗೆ ಅರ್ಥವಾಯಿತು. ಗಂಡ, "ನಮ್ಮಲ್ಲಿ ಮನೆಯವರೆಲ್ಲ ಹಾಗೆಯೇ ನಡಕೊಂಡು ಬಂದದ್ದು," ಎಂದರು. ಓದಿದವರು, ಕಡತಗಳಲ್ಲಿ ಎಲ್ಲರ ತಪ್ಪು ಹುಡುಕಿ ತೆಗೆಯುವವರು. ಅವರ ಕಿವಿ ಕೆಂಪಾಗಿತ್ತು.

ಡಾಕ್ಟರು ನಗಲಿಲ್ಲ. ಅವರು ನಕ್ಕಿದ್ದರೆ ನಾನು ಎದ್ದು ಹೋಗುತ್ತಿದ್ದೆ. ಆಪರೇಶನ್ ದಿನದ ವಿವರವನ್ನೆಲ್ಲ ಕೇಳಿದರು. ಸೀಸೆ ಹಿಂದಕ್ಕೆ ಇಟ್ಟದ್ದು, ಚೀಟಿ ಹೊರಗೆ ಹೋದದ್ದು, ತೋಳಿಗೆ ಪಟ್ಟಿ ಬಿಗಿದ ಮೇಲೆ ಬಾಟಲಿ ಬಂದದ್ದು ಹೇಳಿದೆ. ಒಂದನ್ನೂ ಬಿಡದೆ ಬರೆದಿಡುವುದು ನನ್ನ ವೃತ್ತಿಯಲ್ಲವೇ.

"ತೋಳು ಬಿಗಿದ ಮೇಲೆ ಎಡಗೈಗೆ ಹಾಕಿದ ಮದ್ದು ಬಲಗೈಗೆ ತಲುಪುವುದು ಹೇಗೆ?" ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. "ಮದ್ದೂ ಸರಿಯಾದ್ದಲ್ಲ, ಹೊತ್ತೂ ಸರಿಯಾದ್ದಲ್ಲ. ಕೊಯ್ಯುವ ಮೊದಲು ಮೈಯಲ್ಲಿ ಇರಬೇಕು. ಆಮೇಲೆ ಎಷ್ಟು ಮಾತ್ರೆ ನುಂಗಿದರೂ ಅಷ್ಟೇ."

"ಅದನ್ನು ಕೊಟ್ಟಿದ್ದರೆ ನನ್ನ ಕೈ ಉಳಿಯುತ್ತಿತ್ತಾ?"

"ಬಹುಶಃ. ಕೊಟ್ಟವರಿಗೂ ಅಪರೂಪಕ್ಕೆ ಕೀವಾಗುತ್ತದೆ. ಖಂಡಿತ ಉಳಿಯುತ್ತಿತ್ತು ಅಂತ ನಾನು ಹೇಳಿದರೆ ಅದು ಸುಳ್ಳಾಗುತ್ತದೆ."

ಸಿಟ್ಟು ಮಾಡಿಕೊಳ್ಳಲಿಕ್ಕೂ ಒಂದು ಗಟ್ಟಿ ನೆಲ ಬೇಕು. ಆ ಬಹುಶಃ ಎನ್ನುವ ಮಾತು ನನಗೆ ಅದನ್ನೂ ಉಳಿಸಲಿಲ್ಲ.

ಮರುದಿನ ನನ್ನ ಮುಂಗೈ ಚರ್ಮದಲ್ಲಿ ಸೂಜಿಮೊನೆಯಷ್ಟು ಮದ್ದು ಹಾಕಿ, ಪಕ್ಕದಲ್ಲಿ ಪೆನ್ನಿನಿಂದ ಸುತ್ತು ಬರೆದು ಕಾದರು. ಗಂಡ ನನ್ನ ಉಸಿರನ್ನೇ ನೋಡುತ್ತಾ ಕೂತಿದ್ದರು. ಏನೂ ಆಗಲಿಲ್ಲ. ಸೊಳ್ಳೆ ಕಚ್ಚಿದಷ್ಟೂ ಆಗಲಿಲ್ಲ. ಆಮೇಲೆ ಬಾಟಲಿಯಲ್ಲಿ ಅದೇ ಮದ್ದು, ಎರ್ನಾಕುಲಂನ ತಟ್ಟೆಯಲ್ಲಿ ನಾನು ಕಂಡಿದ್ದ ಅದೇ ಬಿಳಿ ಪುಡಿ, ನನ್ನ ರಕ್ತಕ್ಕೆ ಇಳಿಯಿತು. ಸ್ಕ್ರೂಗಳನ್ನು ತೆಗೆದರು. ಕೀವು ಬತ್ತಿತು, ಜ್ವರ ಹೋಯಿತು. ಆದರೆ ಅಷ್ಟರಲ್ಲಿ ಕೀಲು ಕೊಳೆತು ಹೋಗಿತ್ತು. ಅದನ್ನು ಕೆರೆದು ತೆಗೆದು ಮೂಳೆಗೆ ಮೂಳೆ ಬೆಸೆದು, ಇನ್ನು ನೋವಿರುವುದಿಲ್ಲ ಎಂದು ಮನೆಗೆ ಕಳಿಸಿದರು. ನೋವಿಲ್ಲ, ನಿಜ.

ಎರ್ನಾಕುಲಂಗೆ ಬಂದ ದಿನ ಅತ್ತೆ ಬಾಗಿಲಲ್ಲೇ ನಿಂತಿದ್ದರು. ರೈಲಿನಲ್ಲಿ ಬರುವಾಗ ಏನೇನು ಹೇಳಬೇಕು ಎಂದು ನಾನು ಮನಸ್ಸಿನಲ್ಲೇ ಬರೆದಿಟ್ಟುಕೊಂಡಿದ್ದೆ. ಕೊಲ್ಲಂ ದಾಟುವಾಗ ಒಂದು ಬಗೆ, ಆಲಪ್ಪುಳ ದಾಟುವಾಗ ಇನ್ನೂ ಖಾರವಾದ ಬಗೆ. ಒಳಗೆ ಬಂದು, ನೀರು ಕುಡಿದು, ಹೇಳಿದೆ. ನನಗೂ ಆ ಹುಡುಗಿಗೂ ರಕ್ತದ ಸಂಬಂಧವೇ ಇಲ್ಲ ಅತ್ತೆ, ನನಗೆ ಆ ಮದ್ದು ಆಗುತ್ತದೆ, ಚುಚ್ಚಿ ನೋಡಿದ್ದಾರೆ, ನಿಮ್ಮ ಮಾತಿನಿಂದ ನನ್ನ ಕೈ ಹೋಯಿತು. ಕೊನೆಯ ಮಾತು ಹೇಳಬಾರದಿತ್ತು ಎಂದು ಯಾರಾದರೂ ಹೇಳಬಹುದು. ನನಗೆ ಹಾಗೆ ಅನ್ನಿಸಲಿಲ್ಲ.

ಅವರು ಅಡುಗೆಮನೆಯ ಮಣೆಯ ಮೇಲೆ ಕೂತರು. "ನನಗೂ ಆ ಮಗುವಿಗೂ ರಕ್ತ ಸಂಬಂಧ ಎಂತ ಉಂಟು?" ಎಂದರು. "ನಾನೂ ಬೇರೆ ಮನೆಯಿಂದ ಬಂದವಳೇ. ಮದುವೆಯಾಗಿ ಒಂದು ವರ್ಷ ಆಗಿರ್ಲಿಲ್ಲ. ಡಾಕ್ಟರಲ್ಲಿಗೆ ಕರಕೊಂಡು ಹೋದದ್ದು ನಾನು. ದಾರಿಯಲ್ಲಿ ಮಗು, ‘ಅತ್ತಿಗೇ, ಉಸಿರು ಬರುದಿಲ್ಲ’ ಅಂತ ಹೇಳಿತು. ಎತ್ತಿಕೊಂಡು ಓಡಿದೆ. ಮನೆ ಕಾಣ್ತಾ ಇತ್ತು. ಮತ್ತೆ ಮಾತೇ ಇಲ್ಲ."

ಇದು ಅವರು ನನಗೆ ಎಂದೂ ಹೇಳಿರಲಿಲ್ಲ.

"ಹೊರಗಿನಿಂದ ಬಂದವಳು ಮಗುವನ್ನು ಕೊಂದು ತಂದಳು ಅಂತ ಎಲ್ಲರೂ ಹೇಳಿದ್ರು. ನನ್ನ ಅತ್ತೆ ಒಬ್ಬರು ಮಾತ್ರ ಹೇಳ್ಲಿಲ್ಲ. ಇನ್ನು ಈ ಮನೆಯ ಯಾರಿಗೂ ಆ ಸೂಜಿ ಬೇಡ, ನಿನಗೂ ಬೇಡ ಅಂದ್ರು. ನಿನಗೂ ಅಂತ ಹೇಳಿದಾಗ ನಾನು ಆ ಮನೆಯವಳು ಆದದ್ದು ಮಗಳೇ." "ನಿನ್ನನ್ನು ಉಳಿಸಿದೆ ಅಂತ ಇದ್ದೆ ನಾನು," ಎಂದರು.

ಅವರು ಅಳಲಿಲ್ಲ. ಎದ್ದು ಅನ್ನಕ್ಕೆ ನೀರಿಟ್ಟರು. ನಾನು ರೈಲಿನಲ್ಲಿ ಮಾಡಿಟ್ಟುಕೊಂಡಿದ್ದ ಉಳಿದ ಮಾತುಗಳು ನನ್ನಲ್ಲೇ ಉಳಿದವು. ಅವರನ್ನು ದ್ವೇಷಿಸಲು ನಾನು ಆಮೇಲೂ ಪ್ರಯತ್ನಪಟ್ಟಿದ್ದೇನೆ. ಊಟಕ್ಕೆ ಕೂತರೆ ತುತ್ತು ಮಾಡಿ ಬಾಯಿಗಿಡುವವರನ್ನು ದ್ವೇಷಿಸುವುದು ಬಹಳ ಕಷ್ಟದ ಕೆಲಸ.

ಕೋರ್ಟಿಗೆ ಮರಳಿದ ಮೇಲೆ ನನ್ನ ಜೊತೆಗೆ ಕೆಲಸಕ್ಕೆ ಸೇರಿದ್ದ ಒಬ್ಬ ಸ್ಟೆನೋ ಗೆಳತಿಯನ್ನು ಊಟದ ಬಿಡುವಿನಲ್ಲಿ ಖಾಲಿ ಕೋಣೆಗೆ ಕರೆದೆ. ಹಳೆಯ ತೀರ್ಪೊಂದನ್ನು ಓದಲು ಹೇಳಿದೆ. ಪೆನ್ಸಿಲನ್ನು ತೋರುಬೆರಳು ನಡುಬೆರಳುಗಳ ಸಂದಿಗೆ ಸಿಕ್ಕಿಸಿಕೊಂಡು ಬರೆದೆ. ಅವಳು ಮೊದಲು ನಿಧಾನ ಓದಿದಳು, ಆಮೇಲೆ ಇನ್ನೂ ನಿಧಾನ ಓದಿದಳು. ಮುಗಿದ ಮೇಲೆ ನಾನು ಬರೆದದ್ದನ್ನು ನಾನೇ ಓದಲು ಹೊರಟೆ. ಗೀಟುಗಳೆಲ್ಲ ಒಂದೇ ದಪ್ಪ. ಯಾವುದು ಯಾವ ಅಕ್ಷರ ಎಂದು ನನಗೆ ಗೊತ್ತಾಗಲಿಲ್ಲ. ಒಂದು ಸಾಲನ್ನು ಊಹೆಯಿಂದ ಹೇಳಿದೆ, ಅದು ತಪ್ಪು ಎಂದು ಅವಳ ಮುಖದಲ್ಲಿ ಕಂಡಿತು.

"ಸಾರವಿಲ್ಲ ಚೇಚೀ," ಎಂದಳು ಅವಳು ಮಲಯಾಳದಲ್ಲಿ. ಪರವಾಗಿಲ್ಲ, ಚಿಂತಿಸಬೇಡ ಎಂದು. "ಇನ್ನು ಎಲ್ಲ ಕಂಪ್ಯೂಟರು. ಶಾರ್ಟ್‌ಹ್ಯಾಂಡೇ ಇರುವುದಿಲ್ಲ." ಸಮಾಧಾನಕ್ಕೆ ಹೇಳಿದ್ದು. ಇಡೀ ಊರೇ ಮುಳುಗುತ್ತದೆ, ನಿನ್ನ ಮನೆಯೊಂದೇ ಅಲ್ಲ ಎಂದಂತಾಯಿತು. ನನ್ನನ್ನು ನಕಲು ವಿಭಾಗಕ್ಕೆ ಹಾಕಿದರು. ಬೇರೆಯವರು ಟೈಪ್ ಮಾಡಿದ ತೀರ್ಪುಗಳ ಪ್ರತಿಗೆ ಎಡಗೈಯಿಂದ ಸೀಲು ಒತ್ತುವ ಕೆಲಸ. ಸಂಬಳದಲ್ಲಿ ವ್ಯತ್ಯಾಸವಿಲ್ಲ ಎಂದು ಎಲ್ಲರೂ ನೆನಪಿಸುತ್ತಿದ್ದರು. ಅಲ್ಲಿಯೂ ನನ್ನ ಮಲಯಾಳಕ್ಕೆ ನಗುವವರು ಇದ್ದರು, ಈ ಸಲ ನಗು ನಿಲ್ಲಿಸಲು ನನ್ನಲ್ಲಿ ಏನೂ ಇರಲಿಲ್ಲ.

ಒಂದಾದರೂ ಉಪಕಾರವಾಗಲಿ, ಈ ಕಟ್ಟುಪಾಡಾದರೂ ನನ್ನಲ್ಲಿಗೇ ಮುಗಿಯಲಿ ಎಂದು ನನಗೆ ಹಟವಿತ್ತು. ನಾದಿನಿಯ ಮಗನ ಮದುವೆಗೆಂದು ಕಾಸರಗೋಡಿಗೆ ಹೋದಾಗ ಮನೆಯ ಹೆಂಗಸರೆಲ್ಲ ನನ್ನ ಕೈ ಹಿಡಿದು ತಿರುವಿ ನೋಡಿದರು. ನಾನು ಚಾಪೆಯ ಮೇಲೆ ಕೂತು ಮೊದಲಿನಿಂದ ಕೊನೆಯ ತನಕ ಬಿಡಿಸಿ ಹೇಳಿದೆ. ಯಾವ ಮದ್ದು ಕೊಡಲಿಲ್ಲ, ಯಾಕೆ ಕೊಡಲಿಲ್ಲ, ಕೊನೆಗೆ ತಿರುವನಂತಪುರದಲ್ಲಿ ಕೊಟ್ಟಾಗ ನನಗೆ ಏನೂ ಆಗಲಿಲ್ಲ. ಎಲ್ಲರೂ ಕಣ್ಣು ಬಿಟ್ಟು ಕೇಳಿದರು.

ಹಿರಿಯ ಓರಗಿತ್ತಿ ಕೊನೆಗೆ, "ಅಂದ್ರೆ ಅದನ್ನು ಚುಚ್ಚಿದ್ದು ಹೌದಲ್ವಾ?" ಎಂದರು.

"ಹೌದು, ಆದರೆ ಅಷ್ಟರಲ್ಲಿ ಕೈ ಹೋಗಿತ್ತು."

"ಚುಚ್ಚಿದ ಮೇಲೆ ಅಲ್ವಾ ಬೆರಳು ಹೀಗೆ ನಿಂತದ್ದು?"

"ಅದು ಮೂಳೆ ಬೆಸೆದದ್ದಕ್ಕೆ."

"ಎಂತದೇ ಇರಲಿ ಮಾರಾಯ್ತಿ. ಚುಚ್ಚಿದ್ರು, ಕೈ ಹೋಯ್ತು. ಜೀವ ಉಳೀತಲ್ಲ, ದೇವರು ದೊಡ್ಡವನು." ಉಳಿದವರೆಲ್ಲ ಹೌದೆಂದು ತಲೆ ಅಲ್ಲಾಡಿಸಿದರು. ಮದುವಣಗಿತ್ತಿಯನ್ನು ಕರೆದು ನನ್ನ ಕೈ ತೋರಿಸಿದರು. ಆ ಹುಡುಗಿ ನನ್ನ ಹೆಬ್ಬೆರಳನ್ನು ನೋಡಿ ಹೆದರಿ ಹಿಂದೆ ಸರಿದಳು. ಅತ್ತೆ ಅಲ್ಲಿಯೇ ಗೋಡೆಗೆ ಒರಗಿ ಕೂತಿದ್ದರು. ಹಾಗಲ್ಲ ಎಂದು ಹೇಳಹೊರಟರು. ಅವರ ಮಾತನ್ನು ಆ ಮನೆಯಲ್ಲಿ ಈಗ ಯಾರೂ ಕೇಳುತ್ತಿರಲಿಲ್ಲ. ಕೆಲವು ವರ್ಷಗಳ ಮೇಲೆ ಅವರು ತೀರಿಕೊಂಡರು, ನನ್ನ ಮನೆಯಲ್ಲೇ, ನನ್ನ ಎಡಗೈಯಿಂದ ಗಂಜಿ ಕುಡಿದು.

ಆ ದಶಕ ಮುಗಿಯುವ ಹೊತ್ತಿಗೆ ಮಗಳು ಕಾಲೇಜಿಗೆ ಹೋಗುತ್ತಿದ್ದಳು. ಅವಳ ಕೊನೆಯ ದವಡೆಹಲ್ಲು ಅಡ್ಡ ಬೆಳೆದು ಮೂಳೆಯೊಳಗೆ ಸಿಕ್ಕಿಕೊಂಡಿತು. ಕೊಯ್ದು ತೆಗೆಯಬೇಕು, ಒಂದು ಗಂಟೆಯ ಕೆಲಸ, ಕೂಡಲೇ ಮನೆಗೆ ಹೋಗಬಹುದು ಎಂದರು. ಹಲ್ಲಿನ ಆಸ್ಪತ್ರೆಗೆ ನಾನೂ ಹೋದೆ. ಬಾಲ್ಯದಿಂದ ನನ್ನ ಕೈ ನೋಡಿಕೊಂಡು ಬೆಳೆದವಳು ಅವಳು. ಇಡೀ ಕತೆಯನ್ನು ಅವಳಿಗೆ ನಾನು ಎಷ್ಟೋ ಸಲ ಹೇಳಿದ್ದೆ, ಕನ್ನಡದಲ್ಲಿ. ಅವಳು ಫೋನು ನೋಡುತ್ತಾ ಹ್ಞೂಂಗುಟ್ಟುತ್ತಿದ್ದಳು.

ನರ್ಸು ಬಂದು ಮಗಳೇ ಎನ್ನುವ ಹಾಗೆ ಮಲಯಾಳದಲ್ಲಿ ಕೇಳಿದಳು, "ಮೋಳೇ, ಯಾವುದಾದರೂ ಮದ್ದಿಗೆ ಅಲರ್ಜಿ ಉಂಟಾ?"

"ಪೆನ್ಸಿಲಿನ್," ಎಂದಳು ಮಗಳು, ಒಂದು ಕ್ಷಣವೂ ಯೋಚಿಸದೆ. "ಫ್ಯಾಮಿಲಿಯಲ್ಲೇ ಉಂಟು. ಅಜ್ಜನ ತಂಗಿ ಸತ್ತೇಹೋಗಿದ್ದಾರೆ. ಅಮ್ಮನಿಗೂ ಉಂಟು. ಅಮ್ಮನ ಕೈ ನೋಡಿ."

"ನನಗೆ ಇಲ್ಲ," ಎಂದೆ. "ಅದು ಅದರಿಂದ ಆದದ್ದಲ್ಲ. ಇವಳಿಗೂ ಉಂಟೋ ಇಲ್ಲವೋ ಪರೀಕ್ಷೆ ಮಾಡಿ ನೋಡಿ. ಸುಮ್ಮನೆ ಬರೆಯಬೇಡಿ."

ಇವಳಿಗೆ ಇಲ್ಲ ಎಂದು ಹೇಳಲು ನನ್ನಿಂದ ಆಗಲಿಲ್ಲ. ಇವಳ ಮೈಯಲ್ಲಿ ಆ ಮನೆಯ ರಕ್ತ ಇದೆಯಲ್ಲ. ಇದ್ದರೂ ಇರಬಹುದು. ಪರೀಕ್ಷೆ ಮಾಡಿ ಎಂದು ಇನ್ನೊಮ್ಮೆ ಹೇಳಿದೆ. ನನ್ನ ದನಿ ಏರಿತ್ತು, ಮಲಯಾಳ ತಪ್ಪುತ್ತಿತ್ತು. ಮಗಳು ನಾಚಿಕೆಯಿಂದ, "ಅಮ್ಮೇ, ಪ್ಲೀಸ್," ಎಂದಳು.

"ಯಾಕೆ ಸುಮ್ಮನೆ ಅಪಾಯ ಅಮ್ಮೇ? ಬೇರೆ ಮದ್ದು ಉಂಟಲ್ಲ," ಎಂದಳು ನರ್ಸು, ಬಹಳ ಮೃದುವಾಗಿ.

ಅವಳ ಬರಹವನ್ನು ತಡೆಯಲೆಂದು ನಾನು ಬಲಗೈ ಚಾಚಿದೆ. ಅವಳು ಆ ಹೆಬ್ಬೆರಳನ್ನು ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ಕೆಂಪು ಪೆನ್ನು ತೆಗೆದು ಬರೆದು, ಕೆಳಗೆ ದಪ್ಪವಾಗಿ ಒಂದು ಗೆರೆ ಎಳೆದಳು.